ಕಾರ್ಖಾನೆಯೊಳಗಿಂದ ಕಂಡ ವರ್ಗ: ಮೈಕೆಲ್ ಬುರಾವೊಯ್ ಮತ್ತು ನಮ್ಮ ಕೆಲವು ತಪ್ಪು ಕಲ್ಪನೆಗಳು

ವರ್ಗ, ಬಂಡವಾಳ, ಜಾಗತೀಕರಣ ಎಂಬ ಪದಗಳು ಕಂಡ ಕೂಡಲೇ ಪುಟ ತಿರುವುವ ಓದುಗರಿದ್ದಾರೆ. ತಪ್ಪು ಅವರದ್ದೇನೂ ಅಲ್ಲ. ಈ ವಿಷಯಗಳ ಬಗ್ಗೆ ಬರೆಯುವವರಲ್ಲಿ ಎಷ್ಟೋ ಮಂದಿ ಒಂದು ದಿನವೂ ಕಾರ್ಖಾನೆಯ ಗೇಟು ದಾಟಿದವರಲ್ಲ. ಮೈಕೆಲ್ ಬುರಾವೊಯ್ (1947–2025) ಗೇಟು ದಾಟಿದ್ದಷ್ಟೇ ಅಲ್ಲ, ಶಿಫ್ಟಿನಲ್ಲಿ ದುಡಿದವರು. ಇಂಗ್ಲೆಂಡಿನಲ್ಲಿ ಹುಟ್ಟಿ, ಕೇಂಬ್ರಿಜ್‌ನಲ್ಲಿ ಗಣಿತ ಓದಿ, ಅಮೆರಿಕದ ಬರ್ಕ್ಲಿಯಲ್ಲಿ ದಶಕಗಟ್ಟಲೆ ಸಮಾಜಶಾಸ್ತ್ರ ಕಲಿಸಿದರು. ಜಾಂಬಿಯಾ, ಅಮೆರಿಕ, ಹಂಗೇರಿ, ರಷ್ಯಾ ಎಂದು ನಾಲ್ಕು ದೇಶಗಳಲ್ಲಿ ಕೆಲಸಕ್ಕೆ ಸೇರಿ ಅಲ್ಲಿ ಕಂಡದ್ದನ್ನು ಬರೆದರು. ವಿದ್ಯಾರ್ಥಿಯಾಗಿದ್ದಾಗ ಭಾರತಕ್ಕೂ ಬಂದಿದ್ದರು. ಆಗ ಅವರು ಕೈಗೆತ್ತಿಕೊಂಡ ಪ್ರಶ್ನೆ, ನಮ್ಮ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಮಾಧ್ಯಮ ಯಾವುದಿರಬೇಕು ಎಂಬುದು. ಕನ್ನಡಿಗರು ಇಂದಿಗೂ ಜಗಳ ಮುಗಿಸದ ಪ್ರಶ್ನೆ ಅದು.

ಅವರ ಬರಹ ಓದುತ್ತಾ ಹೋದರೆ ನಾವು ಗಟ್ಟಿ ಎಂದುಕೊಂಡ ನಂಬಿಕೆಗಳು ಒಂದೊಂದಾಗಿ ಅಲುಗಾಡುತ್ತವೆ.

ನಂಬಿಕೆ: ಕಾರ್ಮಿಕರು ದುಡಿಯುವುದು ಸಂಬಳದ ಆಸೆಗೆ, ಇಲ್ಲವೇ ಕೆಲಸ ಹೋದೀತೆಂಬ ಭಯಕ್ಕೆ.

ಎಡಪಂಥೀಯರು ಬಹುಕಾಲ ಕೇಳುತ್ತಾ ಬಂದ ಪ್ರಶ್ನೆ, ಕಾರ್ಮಿಕರು ಯಾಕೆ ದಂಗೆ ಏಳುವುದಿಲ್ಲ ಎಂದು. ಮಾಲೀಕರ ದೂರು, ಅವರು ಯಾಕೆ ಇನ್ನಷ್ಟು ದುಡಿಯುವುದಿಲ್ಲ ಎಂದು. ತಾನು ಮಾರ್ಕ್ಸ್‌ವಾದಿ ಎಂದು ಹೇಳಿಕೊಂಡ ಬುರಾವೊಯ್ ಎರಡನ್ನೂ ಬದಿಗಿಟ್ಟು ಬೇರೆಯದೇ ಕೇಳಿದರು: ಕಾರ್ಮಿಕರು ಇಷ್ಟೊಂದು ಯಾಕೆ ದುಡಿಯುತ್ತಾರೆ?

1974ರಲ್ಲಿ ಅವರು ಶಿಕಾಗೋದ ದಕ್ಷಿಣಕ್ಕಿರುವ ಒಂದು ಎಂಜಿನ್ ಕಾರ್ಖಾನೆಯಲ್ಲಿ ಮಷಿನ್ ಆಪರೇಟರ್ ಆಗಿ ಸೇರಿದರು. ಅಲ್ಲಿನದು ಪೀಸ್ ರೇಟ್ ಪದ್ಧತಿ. ಕರಾವಳಿಯಲ್ಲಿ ಸಾವಿರ ಬೀಡಿಗೆ ಇಷ್ಟು ಎಂದು ಕೂಲಿ ಎಣಿಸುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಆದರೆ ಶಿಕಾಗೋದಲ್ಲಿ ಒಂದು ವ್ಯತ್ಯಾಸವಿತ್ತು. ಎಷ್ಟೇ ಕಡಿಮೆ ಮಾಡಿದರೂ ಮೂಲ ಕೂಲಿ ಖಾತ್ರಿ. ನಿಗದಿಯಾದ ಪ್ರಮಾಣವನ್ನು ಶೇ. 100 ಎಂದಿಟ್ಟುಕೊಂಡರೆ ಅದರ ಮೇಲೆ ಮಾಡಿದ್ದಕ್ಕೆ ಹೆಚ್ಚುವರಿ ಹಣ. ಕಾರ್ಮಿಕರೆಲ್ಲರ ಕಣ್ಣು ಶೇ. 125ರ ಮೇಲೆ, ಕೈಹತ್ತಿದರೆ ಶೇ. 140ರ ಮೇಲೆ. ಅದನ್ನು ದಾಟಿ ಮಾತ್ರ ಯಾರೂ ಲೆಕ್ಕ ಕೊಡುತ್ತಿರಲಿಲ್ಲ. ದಾಟಿದರೆ ಮ್ಯಾನೇಜ್‌ಮೆಂಟು ‘ಈ ಜಾಬು ಸುಲಭ’ ಎಂದು ರೇಟು ಕತ್ತರಿಸುವ ಅಪಾಯ. ಹಾಗಾಗಿ ಹೆಚ್ಚಾಗಿ ಮಾಡಿದ ಪೀಸುಗಳನ್ನು ಗುಟ್ಟಾಗಿ ಎತ್ತಿಟ್ಟು, ಕಷ್ಟದ ಜಾಬು ಬಂದ ದಿನ ಲೆಕ್ಕಕ್ಕೆ ಸೇರಿಸುತ್ತಿದ್ದರು.

ಇದೊಂದು ಆಟ ಎಂದರು ಬುರಾವೊಯ್. ಆಟವಾಗಬೇಕಾದರೆ ಗೆಲುವು ಖಚಿತವೂ ಇರಬಾರದು, ಅಸಾಧ್ಯವೂ ಆಗಬಾರದು. ಎಷ್ಟು ತಿಣುಕಿದರೂ ಗುರಿ ಮುಟ್ಟದ ಜಾಬು ಸಿಕ್ಕಾಗ ಕಾರ್ಮಿಕ ಕೈಚೆಲ್ಲಿ ನಿಧಾನಕ್ಕೆ ಮಾಡುತ್ತಾನೆ. ನಡುವಿನ ಜಾಬು ಸಿಕ್ಕಾಗ ಗಡಿಯಾರ ಮರೆತುಹೋಗುತ್ತದೆ, ಬೇಸರ ದೂರವಾಗುತ್ತದೆ, ಕ್ಯಾಂಟೀನಿನಲ್ಲಿ ಆ ದಿನದ ಸ್ಕೋರಿನದೇ ಮಾತು. ಜಗಳಗಳೂ ದಿಕ್ಕು ಬದಲಿಸುತ್ತವೆ. ಸಾಮಾನು ತಂದುಕೊಡುವವನು ತಡ ಮಾಡಿದ, ಟೂಲ್ ಕೊಡುವವನು ಸತಾಯಿಸಿದ, ಇನ್‌ಸ್ಪೆಕ್ಟರ್ ಮೊದಲ ಪೀಸು ಪಾಸು ಮಾಡಲಿಲ್ಲ ಎಂದು ಪಕ್ಕದವನ ಮೇಲೆ ಸಿಟ್ಟು. ಮಾಲೀಕನ ಮೇಲೆ ಹರಿಯಬೇಕಾದ ಅಸಮಾಧಾನ ಅಡ್ಡಡ್ಡಕ್ಕೆ ಹರಿದು ಆರಿಹೋಗುತ್ತದೆ. ಆಟಕ್ಕೆ ಇಳಿದ ಮೇಲೆ ಆಟದ ನಿಯಮಗಳನ್ನು ಪ್ರಶ್ನಿಸುವುದು ಕಷ್ಟ. ಬುರಾವೊಯ್ ತಾನೇ ಆ ಹುಚ್ಚಿಗೆ ಬಿದ್ದು ಶೇ. 125ರ ಹಿಂದೆ ಓಡಿದರು! ಬಲವಂತದಿಂದಲೇ ನಡೆಯುತ್ತದೆಂದು ನಾವು ತಿಳಿದ ಜಾಗದಲ್ಲಿ ಒಪ್ಪಿಗೆಯೂ ತಯಾರಾಗುತ್ತದೆ ಎಂಬುದು 1979ರಲ್ಲಿ ಬಂದ ಅವರ ಪುಸ್ತಕದ ತಿರುಳು.

ಇಲ್ಲೊಂದು ಕಾಕತಾಳೀಯವಿದೆ. ಡೊನಾಲ್ಡ್ ರಾಯ್ ಎಂಬ ಹಿರಿಯ ಸಮಾಜಶಾಸ್ತ್ರಜ್ಞ ಅದೇ ಕಾರ್ಖಾನೆಯಲ್ಲಿ 1944–45ರಲ್ಲಿ ಡ್ರಿಲ್ಲಿಂಗ್ ಮಷಿನ್ ನಡೆಸಿ ಬರೆದಿಟ್ಟಿದ್ದರು. ಹೀಗೆ ಒಂದೇ ಜಾಗದ, ಮೂವತ್ತು ವರ್ಷ ಅಂತರದ ಎರಡು ದಾಖಲೆ ಸಿಕ್ಕವು. ರಾಯ್ ಕಾಲದಲ್ಲಿ ಮೇಲಿನವರ ಗದರಿಕೆ ಜಾಸ್ತಿ. ಬುರಾವೊಯ್ ಹೊತ್ತಿಗೆ ಯೂನಿಯನ್ ಮೂಲಕ ದೂರು ಕೊಡುವ ವ್ಯವಸ್ಥೆ, ಒಳಗಿನವರಿಗೇ ಬೇರೆ ಜಾಬಿಗೆ ಅರ್ಜಿ ಹಾಕುವ ಅವಕಾಶ ಬಂದಿದ್ದವು. ಹಿಡಿತ ಸಡಿಲವಾದಂತೆ ಕಂಡಿತು, ದುಡಿಮೆ ಮಾತ್ರ ನಿಲ್ಲಲಿಲ್ಲ. ಬುರಾವೊಯ್ ಪುಸ್ತಕದ ದೊಡ್ಡ ಕೊರತೆಯನ್ನೂ ಹೇಳಬೇಕು. ಬಣ್ಣ ಮತ್ತು ಲಿಂಗ ಅದರಲ್ಲಿ ಮೂಲೆಗೆ ಸರಿದಿವೆ. ಗೇಟಿನ ಹೊರಗಿನ ಬದುಕು ಒಳಗಿನ ಆಟವನ್ನು ಅಷ್ಟೇನೂ ಮುಟ್ಟುವುದಿಲ್ಲ ಎಂಬ ಅವರ ವಾದ ನನಗೆ ಇಂದಿಗೂ ಪೂರ್ತಿ ಒಪ್ಪಿಗೆಯಾಗಿಲ್ಲ.

ನಂಬಿಕೆ: ಸಮಾಜವಾದಿ ದೇಶದ ಕಾರ್ಮಿಕರು ಸೋಮಾರಿಗಳು.

ಶೀತಲ ಸಮರದ ಕಾಲದ ಈ ಮಾತು ಇಂದಿಗೂ ಟಿವಿ ಚರ್ಚೆಗಳಲ್ಲಿ ಸಿಗುತ್ತದೆ. ಹಂಗೇರಿಯ ಕವಿ ಮಿಕ್ಲೋಶ್ ಹರಾಸ್ತಿ ಬುಡಾಪೆಸ್ಟಿನ ಟ್ರ್ಯಾಕ್ಟರ್ ಕಾರ್ಖಾನೆಯಲ್ಲಿ ದುಡಿದು ಬರೆದ ಪುಸ್ತಕ ಬುರಾವೊಯ್ ಕೈಗೆ ಸಿಕ್ಕಿತು. ಬರೆದದ್ದಕ್ಕೆ ಸರ್ಕಾರ ಹರಾಸ್ತಿ ಮೇಲೆ ಮೊಕದ್ದಮೆ ಹೂಡಿತ್ತು. ಅಲ್ಲಿಯೂ ಪೀಸ್ ರೇಟ್, ಆದರೆ ಶಿಕಾಗೋದಂತೆ ಮೂಲ ಕೂಲಿಯ ಖಾತ್ರಿ ಇಲ್ಲ. ಹೀಗಾಗಿ ಕಾರ್ಮಿಕ ಏಕಕಾಲಕ್ಕೆ ಎರಡು ಮಷಿನ್ ಓಡಿಸುತ್ತಿದ್ದ. ಕೆಲಸ ಹೋಗುವ ಭಯವಿಲ್ಲ, ಕೂಲಿ ಬರುವ ಭರವಸೆಯೂ ಇಲ್ಲ. ಅಮೆರಿಕದಲ್ಲಿ ಇದರ ತಿರುವುಮುರುವು.

ಓದಿ ನಂಬಿ ಕೂರದೆ ಬುರಾವೊಯ್ ಹಂಗೇರಿಗೇ ಹೋದರು. ಮೆಷಿನ್ ಶಾಪಿನಲ್ಲಿ ದುಡಿದು, 1985ರಲ್ಲಿ ಮಿಶ್ಕೋಲ್ಟ್ಸ್ ಪಟ್ಟಣದ ಲೆನಿನ್ ಉಕ್ಕಿನ ಕಾರ್ಖಾನೆಯಲ್ಲಿ ಕುಲುಮೆ ಕೆಲಸಕ್ಕೆ ಸೇರಿದರು. ಸಾಮಾನು ಸಮಯಕ್ಕೆ ಬಾರದ, ಇದ್ದದ್ದರಲ್ಲೇ ನಿಭಾಯಿಸಬೇಕಾದ ಕಾರ್ಖಾನೆ ಅದು. ಅಲ್ಲಿ ಕೆಲಸ ಸಾಗುತ್ತಿದ್ದುದು ಕುಲುಮೆಯ ಬಳಿಯ ಕಾರ್ಮಿಕರ ಕೈಚಳಕದಿಂದ. ಹಲವು ಸಲ ಅಡ್ಡಗಾಲಾಗುತ್ತಿದ್ದವರು ಮೇಲಿನವರು.

ಒಮ್ಮೆ ಪ್ರಧಾನಿ ಭೇಟಿಗೆ ಬರುತ್ತಾರೆಂದು ಇಡೀ ಕಾರ್ಖಾನೆಗೆ ಬಣ್ಣ ಬಳಿಯುವ ಆದೇಶವಾಯಿತು. ಮಂತ್ರಿ ಬರುವ ಹಿಂದಿನ ದಿನ ರಸ್ತೆಬದಿಯ ಕಲ್ಲುಗಳಿಗೆ ಸುಣ್ಣ ಬೀಳುವುದನ್ನು ಕಂಡ ನಮಗೆ ಇದು ಪರಿಚಿತ ದೃಶ್ಯ. ಬುರಾವೊಯ್‌ಗೆ ಸಿಕ್ಕಿದ್ದು ಕಪ್ಪು ಬಣ್ಣದ ಕುಂಚ. ಸಲಿಕೆಗಳಿಗೆ ಬಳಿಯತೊಡಗಿದರು. ಏನು ಮಾಡುತ್ತಿದ್ದೀಯ ಎಂದು ಮೇಲಿನವರು ಕೇಳಿದಾಗ, ಸಮಾಜವಾದ ಕಟ್ಟಲು ನೆರವಾಗುತ್ತಿದ್ದೇನೆ ಎಂದರಂತೆ. ಪಕ್ಕದಲ್ಲಿದ್ದ ಜೊತೆಗಾರ ಬಿಡಲಿಲ್ಲ. ನೀನು ಸಮಾಜವಾದ ಕಟ್ಟುತ್ತಿಲ್ಲ, ಅದಕ್ಕೆ ಬಣ್ಣ ಬಳಿಯುತ್ತಿದ್ದೀಯ, ಅದೂ ಕಪ್ಪು ಬಣ್ಣ ಎಂದು ಚುಚ್ಚಿದ.

ಈ ನಗೆಯಲ್ಲಿ ಬುರಾವೊಯ್ ಒಂದು ತರ್ಕ ಕಂಡರು. ಇದು ನಿಮ್ಮದೇ ರಾಜ್ಯ ಎಂದು ಸರ್ಕಾರ ಸಾರಿಸಾರಿ ಹೇಳಿದಷ್ಟೂ ಆ ಮಾತಿಗೂ ಕಣ್ಣೆದುರಿನ ಸ್ಥಿತಿಗೂ ಇರುವ ದೂರವನ್ನು ಕಾರ್ಮಿಕರು ಅಳೆಯುತ್ತಾರೆ. ಶಿಕಾಗೋದ ಆಟ ಶೋಷಣೆಯನ್ನು ಮರೆಮಾಡಿತು, ಮಿಶ್ಕೋಲ್ಟ್ಸ್‌ನ ಬಣ್ಣ ಅದನ್ನು ಎತ್ತಿ ತೋರಿಸಿತು. ಇದರಿಂದ ಕಾರ್ಮಿಕರದೇ ಒಂದು ಪ್ರಜಾಸತ್ತಾತ್ಮಕ ಸಮಾಜವಾದ ಹುಟ್ಟೀತು ಎಂಬ ಆಸೆ ಅವರಿಗಿತ್ತು. 1989ರಲ್ಲಿ ಬಂದದ್ದು ಬಂಡವಾಳಶಾಹಿ. ಅಲ್ಲಿಂದ ರಷ್ಯಾಕ್ಕೆ ಹೋಗಿ, 1991ರಲ್ಲಿ ಉತ್ತರದ ಸಿಕ್ತಿವ್ಕಾರ್‌ನ ಪೀಠೋಪಕರಣ ಕಾರ್ಖಾನೆಯಲ್ಲಿ ದುಡಿದರು. ಮುಂದಿನ ವರ್ಷಗಳಲ್ಲಿ ಅಲ್ಲಿ ಕಂಡದ್ದು ಮಾರುಕಟ್ಟೆಯ ಪವಾಡವಲ್ಲ. ವ್ಯಾಪಾರ, ವಿನಿಮಯ ಬೆಳೆದವು, ಉತ್ಪಾದನೆ ಒಳಗೊಳಗೇ ಕುಸಿಯಿತು.

ನಂಬಿಕೆ: ಜಾಗತೀಕರಣ ಮೇಲಿಂದ ಎರಗುವ ಬಿರುಗಾಳಿ, ಎಲ್ಲ ಊರಿಗೂ ಒಂದೇ.

ಬಂಡವಾಳ ದೇಶ ಬಿಟ್ಟು ದೇಶಕ್ಕೆ ಹೋಗುವುದು ಸುಲಭವಾದಾಗ ಭಯದ ರೂಪವೇ ಬದಲಾಗುತ್ತದೆ ಎಂದು ಬುರಾವೊಯ್ 1985ರಲ್ಲೇ ಬರೆದಿದ್ದರು. ಹಿಂದೆ ಕಾರ್ಮಿಕ ಹೆದರುತ್ತಿದ್ದುದು ತನ್ನನ್ನು ಕೆಲಸದಿಂದ ತೆಗೆಯುತ್ತಾರೆಂದು. ಈಗ ಇಡೀ ಕಾರ್ಖಾನೆಯೇ ಬೇರೆಡೆ ಹೋದೀತೆಂದು ಯೂನಿಯನ್‌ಗಳು ತಾವಾಗಿ ಬಿಟ್ಟುಕೊಡುತ್ತವೆ. ಅವರು ದುಡಿದ ಶಿಕಾಗೋದ ಕಾರ್ಖಾನೆಯೂ ಮುಂದೆ ಮುಚ್ಚಿತು.

ಇಷ್ಟಾದರೂ ಎಲ್ಲೆಡೆ ಒಂದೇ ಕಥೆ ಎಂದು ಅವರು ಹೇಳಲಿಲ್ಲ. ತಮ್ಮ ವಿದ್ಯಾರ್ಥಿಗಳ ಜೊತೆ 2000ದಲ್ಲಿ ತಂದ ಸಂಕಲನದಲ್ಲಿ ಐರ್ಲೆಂಡಿನ ಸಾಫ್ಟ್‌ವೇರ್ ನೌಕರರಿದ್ದಾರೆ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಗುಜರಿ ಆಯುವ ಮನೆಯಿಲ್ಲದವರಿದ್ದಾರೆ. ನಮಗೆ ಹತ್ತಿರದ್ದು ಶೀಬಾ ಜಾರ್ಜ್ ಬರೆದ ಅಧ್ಯಾಯ. ಕೇರಳದಿಂದ ಅಮೆರಿಕಕ್ಕೆ ಹೋದ ನರ್ಸುಗಳು ಮನೆಗೆ ಅನ್ನ ತರುವವರಾದರು. ಅವರ ಹಿಂದೆ ಹೋದ ಗಂಡಂದಿರು ಮೊದಲಿನ ಸ್ಥಾನಮಾನ ಕಳೆದುಕೊಂಡು, ಅದನ್ನು ಅಲ್ಲಿನ ಚರ್ಚಿನ ಹುದ್ದೆಗಳಲ್ಲಿ ಹುಡುಕಿಕೊಂಡರು. ಜಾಗತೀಕರಣವನ್ನು ಷೇರು ಸೂಚ್ಯಂಕದಲ್ಲಿ ಹುಡುಕುವವರಿಗೆ ಈ ಚರ್ಚು ಕಾಣುವುದೇ ಇಲ್ಲ.

ನಂಬಿಕೆ: ಸಾರ್ವಜನಿಕ ಸಮಾಜಶಾಸ್ತ್ರ ಎಂದರೆ ಪಾಠ ಬಿಟ್ಟು ಧರಣಿ ಕೂರುವುದು.

ಅಮೆರಿಕದ ಸಮಾಜಶಾಸ್ತ್ರ ಸಂಘದ ಅಧ್ಯಕ್ಷರಾಗಿ 2004ರಲ್ಲಿ ಮಾಡಿದ ಭಾಷಣದಿಂದ ಅವರಿಗೆ ಈ ಹಣೆಪಟ್ಟಿ ಅಂಟಿತು. ಆ ಭಾಷಣದಲ್ಲಿದ್ದದ್ದು ನಾಲ್ಕು ಬಗೆಯ ಕೆಲಸದ ನಕ್ಷೆ: ವೃತ್ತಿಪರ ಸಂಶೋಧನೆ, ನೀತಿ ರೂಪಿಸುವವರಿಗೆ ಸಲಹೆ, ಶಾಸ್ತ್ರದ ಬುನಾದಿಯನ್ನೇ ಪ್ರಶ್ನಿಸುವ ವಿಮರ್ಶೆ, ಜನರೊಡನೆ ಸಂವಾದ. ಗಟ್ಟಿಯಾದ ಸಂಶೋಧನೆ ಇಲ್ಲದೆ ನಾಲ್ಕನೆಯದಾದ ಸಾರ್ವಜನಿಕ ಸಮಾಜಶಾಸ್ತ್ರ ನಿಲ್ಲದು ಎಂದೂ ಹೇಳಿದ್ದರು.

ಸಾರ್ವಜನಿಕರ ಮುಂದೆ ಇಟ್ಟ ಅಧ್ಯಯನ ಯಾರ ಕೈಗೆ ಹೋಗುತ್ತದೆ ಎಂಬ ಬಗ್ಗೆ ಅವರಿಗೆ ಭ್ರಮೆ ಇರಲಿಲ್ಲ. ಆ ಪೆಟ್ಟು ಮೊದಲ ಪುಸ್ತಕಕ್ಕೇ ಬಿದ್ದಿತ್ತು. 1964ರಲ್ಲಿ ಸ್ವತಂತ್ರವಾದ ಜಾಂಬಿಯಾದ ತಾಮ್ರದ ಗಣಿಗಳಲ್ಲಿ ಬಿಳಿಯರ ಹುದ್ದೆಗಳನ್ನು ಸ್ಥಳೀಯರಿಗೆ ಕೊಡುವ ಕೆಲಸ ನಡೆದಿತ್ತು. ಗಣಿ ಕಂಪನಿಗಳ ಸಿಬ್ಬಂದಿ ವಿಭಾಗದಲ್ಲಿದ್ದ ಬುರಾವೊಯ್ ಒಳಗಿನಿಂದ ಗಮನಿಸಿದರು. ಕರಿಯ ಅಧಿಕಾರಿ ಒಂದು ಕುರ್ಚಿಗೆ ಬರುವ ಮೊದಲು ಅಲ್ಲಿದ್ದ ಬಿಳಿಯನಿಗೆ ಅದರ ಮೇಲೆ ಹೊಸ ಕುರ್ಚಿ ಸೃಷ್ಟಿಯಾಗುತ್ತಿತ್ತು. ಅಧಿಕಾರವೂ ಅವನೊಡನೆ ಮೇಲೇರುತ್ತಿತ್ತು. ಯಾವ ಬಿಳಿಯನೂ ಕರಿಯನಿಂದ ಆಜ್ಞೆ ಪಡೆಯುವಂತಾಗಲಿಲ್ಲ. ಇದನ್ನು ಬಯಲು ಮಾಡಿದ ಪುಸ್ತಕ 1972ರಲ್ಲಿ ಹೊರಬಂದಾಗ ಅದನ್ನು ಆಯುಧ ಮಾಡಿಕೊಂಡದ್ದು ಕಾರ್ಮಿಕರಲ್ಲ, ಕಂಪನಿಗಳ ಮುಖ್ಯ ಕಚೇರಿ. ತಮ್ಮ ಗಣಿ ಮ್ಯಾನೇಜರುಗಳನ್ನು ಹದ್ದುಬಸ್ತಿನಲ್ಲಿಡಲು ಅದನ್ನು ಬಳಸಿಕೊಂಡರು.