ಗುಂಯ್ ಅಂದರೆ ವಾಲ್ವ್ ಹೋಯಿತೆಂದೇ ಅರ್ಥವೇ?

ಸ್ವಿಚ್ಚು ಒತ್ತಿದ್ದಾಯಿತು. ವಾಲ್ವುಗಳು ಕೆಂಪಗೆ ಬೆಳಗಿದವು. ಹಾಡು ಬರುವ ಮೊದಲೇ ‘ಗುಂಯ್’ ಎಂಬ ಸದ್ದು! ‘ವಾಲ್ವ್ ಹೋಗೇತಿ, ಬದಲಿ ಮಾಡ್ರಿ’ ಎಂದು ನೋಡಲು ಬಂದವರ ಸಲಹೆ. ಹೊಸ ವಾಲ್ವ್ ಬಂತು, ರೊಕ್ಕ ಹೋಯಿತು. ಗುಂಯ್ ಮಾತ್ರ ಇದ್ದಲ್ಲೇ ಇದೆ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಹಳಬರಿಗೆ ಈ ಕಾಟ ಹೊಸದೇನಲ್ಲ. 1950ರಲ್ಲಿ ಧಾರವಾಡ ಆಕಾಶವಾಣಿ ಶುರುವಾದಾಗ ಮನೆಮನೆಗೆ ಅದರ ದನಿ ಮುಟ್ಟಿಸಿದ್ದು ವಾಲ್ವ್ ರೇಡಿಯೋಗಳೇ. ಮುಂದೆ ಬೆಂಗಳೂರಿನ ಬಿಇಎಲ್‌ನಲ್ಲೇ ವಾಲ್ವ್ ತಯಾರಾಗುತ್ತಿದ್ದವು. ಅಲ್ಲಿ ರೇಡಿಯೋ ವಾಲ್ವ್ ಮಾಡುವುದು ನಿಂತು ದಶಕಗಳೇ ಆದವು. ಈಗ ಹೊಸದು ಬೇಕೆಂದರೆ ಸ್ಲೊವಾಕಿಯಾ, ರಷ್ಯಾ, ಚೀನಾದ ಮಾಲೇ ಗತಿ. ಮನೆಯಲ್ಲಿ ಆಂಪ್ಲಿಫಾಯರ್ ಕಟ್ಟುವವರು ಅಂದಾಜಿನ ಮೇಲೆ ವಾಲ್ವ್ ಬದಲಿಸುತ್ತ ಕೂತರೆ ಕಿಸೆಗೆ ತೂತು ಗ್ಯಾರಂಟಿ.

ಆದರೆ ರೊಕ್ಕಕ್ಕಿಂತ ಮೊದಲು ಜೀವ. ಈ ಪೆಟ್ಟಿಗೆಯೊಳಗೆ 250-300 ವೋಲ್ಟ್ ಡಿಸಿ ಇರುತ್ತದೆ. ಪ್ಲಗ್ಗು ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರಿನಲ್ಲಿ ಕರೆಂಟು ಅಡಗಿ ಕೂತಿರುತ್ತದೆ. 10 ಕಿಲೋ ಓಮ್, 5 ವ್ಯಾಟ್ ರೆಸಿಸ್ಟರಿನಿಂದ ಅದನ್ನು ಇಳಿಸಬೇಕು. ಮೀಟರಿನಲ್ಲಿ ಸೊನ್ನೆ ಕಂಡ ಮೇಲೆಯೇ ಕೈ ಹಾಕಬೇಕು. ಇದು ಗೊತ್ತಿಲ್ಲದವರು ಒಳಗೆ ಕೈ ಹಾಕದಿರುವುದೇ ಮೇಲು.

ಇನ್ನು ಸದ್ದಿನ ಬೇಟೆ. ವಾಲ್ಯೂಮ್ ಪೂರ್ತಿ ಇಳಿಸಿ ನೋಡಿ. ಗುಂಯ್ ನಿಂತಿತೇ? ದೋಷ ವಾಲ್ಯೂಮಿಗಿಂತ ಮುಂಚಿನ ಭಾಗದಲ್ಲಿದೆ. ಇನ್‌ಪುಟ್ ವೈರು, ಅರ್ಥಿಂಗ್, ಮೊದಲ ವಾಲ್ವ್ ನೋಡಬೇಕು. ನಿಲ್ಲಲಿಲ್ಲವೇ? ಹಾಗಾದರೆ ಅದು ಆಚೆ ಭಾಗದ್ದು. ಅಲ್ಲಿ ಮೊದಲ ಅನುಮಾನ ಒಣಗಿದ ಫಿಲ್ಟರ್ ಕೆಪಾಸಿಟರ್ ಮೇಲೆ. ಅದು ಸೋತರೆ 100 ಹರ್ಟ್ಸ್‌ನ ಒರಟು ಸದ್ದು ಬರುತ್ತದೆ. ಸಣ್ಣಗೆ, ಮೆತ್ತಗೆ 50 ಹರ್ಟ್ಸ್‌ನ ಗುಂಯ್ ಆದರೆ ಹೀಟರ್ ವೈರು ನೋಡಿ. ಆ ಎರಡೂ ವೈರನ್ನು ಜಡೆಯಂತೆ ಹೆಣೆದು, ಚಾಸಿಯ ಮೂಲೆಗೆ ಒತ್ತಿ ಒಯ್ಯಬೇಕು.

ಚಟಪಟ ಎಂದರೆ ಕಿಲುಬು ಹತ್ತಿದ ಸಾಕೆಟ್ಟು, ಸವೆದ ವಾಲ್ಯೂಮ್ ಕಂಟ್ರೋಲು, ಹಳೆ ಕಾರ್ಬನ್ ರೆಸಿಸ್ಟರುಗಳನ್ನು ಹುಡುಕಿ. ಪೆನ್ಸಿಲಿನ ಮರದ ತುದಿಯಿಂದ ವಾಲ್ವನ್ನು ಮೆಲ್ಲಗೆ ತಟ್ಟಿದಾಗ ಸ್ಪೀಕರಿನಲ್ಲಿ ಟಣ್ ಎಂದರೆ ಮಾತ್ರ ವಾಲ್ವಿನದೇ ತಪ್ಪಿರಬಹುದು.

ಅತಿ ದೊಡ್ಡ ಅಪಾಯ ಸದ್ದೇ ಮಾಡದು. ಇಎಲ್84 ವಾಲ್ವಿನ ಪ್ಲೇಟು ಕೆಂಪಾದರೆ ಕೂಡಲೇ ಸ್ವಿಚ್ ಆಫ್ ಮಾಡಿ! ಹಳೆ ಪೇಪರ್ ಕಪ್ಲಿಂಗ್ ಕೆಪಾಸಿಟರ್ ಸೋರಿದರೆ ಗ್ರಿಡ್ಡಿಗೆ ಪಾಸಿಟಿವ್ ವೋಲ್ಟೇಜು ನುಗ್ಗಿ ವಾಲ್ವ್, ಟ್ರಾನ್ಸ್‌ಫಾರ್ಮರ್ ಎರಡನ್ನೂ ಸುಡುತ್ತದೆ. ಕೆಲವೇ ರೂಪಾಯಿಯ ಕೆಪಾಸಿಟರಿಗಾಗಿ ಸಾವಿರಾರು ರೂಪಾಯಿ ಬೂದಿ.

ಅಟ್ಟದಿಂದ ಇಳಿಸಿದ ಹಳೆ ಸೆಟ್ಟಿಗೆ ನೇರ ಕರೆಂಟು ಕೊಡಬೇಡಿ. ಮೊದಲು 60 ವ್ಯಾಟಿನ ಹಳೆ ಫಿಲಮೆಂಟ್ ಬಲ್ಬನ್ನು ಸೀರೀಸಿನಲ್ಲಿ ಹಾಕಿ. ಬಲ್ಬು ಉರಿದು ಹಾಗೇ ಪ್ರಖರವಾಗಿ ನಿಂತರೆ ಒಳಗೆ ಶಾರ್ಟ್ ಇದೆ ಎಂದೇ ಲೆಕ್ಕ. ಸ್ಪೀಕರ್ ಜೋಡಿಸದೆ ಸೆಟ್ ಓಡಿಸಲೂಬಾರದು. ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಇನ್ಸುಲೇಷನ್ ಒಡೆದೀತು.

ಒಟ್ಟಿನಲ್ಲಿ ಮೊದಲು ಕಿವಿಗೊಟ್ಟು ಕೇಳಿ, ಆಮೇಲೆ ಮೀಟರ್ ಹಿಡಿಯಿರಿ. ಕಿಸೆಗೆ ಕೈ ಹಾಕುವುದು ಎಲ್ಲಕ್ಕೂ ಕಡೆಗೆ.