ಸ್ಲೋ ನಿಲ್ಲದ ಹಳೆಯ ಕಾರು: ಸ್ಕ್ರೂ ಮುಟ್ಟುವ ಮೊದಲು

ಹಳೆಯ ಮಾರುತಿ 800 ಸಿಗ್ನಲ್‌ನಲ್ಲಿ ನಿಂತಾಗ ಗಡಗಡ ನಡುಗುತ್ತದೆ, ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಆಫ್ ಆಗುತ್ತದೆ ಎಂದು ಗ್ಯಾರೇಜಿಗೆ ಹೋದರೆ ಸಿಗುವ ಮೊದಲ ಚಿಕಿತ್ಸೆ ಬಹುಮಟ್ಟಿಗೆ ಒಂದೇ. ಕಾರ್ಬುರೇಟರಿನ ಸ್ಲೋ ಸ್ಕ್ರೂವನ್ನು ಅರ್ಧ ಸುತ್ತು ಬಿಗಿ ಮಾಡುತ್ತಾರೆ. ಎಂಜಿನ್ ವೇಗ ಏರುತ್ತದೆ, ನಡುಕ ಅಡಗಿದಂತೆ ಕಾಣುತ್ತದೆ, ಗಾಡಿ ಮನೆಗೆ ಬರುತ್ತದೆ. ಕಾಯಿಲೆ ಮಾತ್ರ ಒಳಗೇ ಇರುತ್ತದೆ. ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಕೆಲವು ವಾರಗಳಲ್ಲಿ ಮತ್ತೆ ಅದೇ ದೂರು. ಐಡ್ಲಿಂಗ್, ಅಂದರೆ ಸ್ಲೋ, ಕೆಟ್ಟ ಕಾರಿನಲ್ಲಿ ಸ್ಕ್ರೂಗೆ ಕೈ ಹಾಕಬೇಕಾದ್ದು ಕಟ್ಟಕಡೆಗೆ. ಕಿಡಿ, ಗಾಳಿ, ಟ್ಯಾಪೆಟ್ ಈ ಮೂರೂ ಸರಿ ಇವೆ ಎಂದು ಖಾತ್ರಿಯಾದ ಮೇಲೆ.

ಹೀಗೇಕೆ ಎಂದು ತಿಳಿಯಬೇಕಾದರೆ ಸ್ಲೋದಲ್ಲಿ ಎಂಜಿನ್ ಏನು ಮಾಡುತ್ತಿರುತ್ತದೆ ಎಂದು ನೋಡಬೇಕು. ಆಗ ಥ್ರಾಟಲ್ ತಟ್ಟೆ ಹೆಚ್ಚುಕಡಿಮೆ ಮುಚ್ಚಿರುತ್ತದೆ. ಪಿಸ್ಟನ್‌ಗಳು ಎಳೆಯುತ್ತಿದ್ದರೂ ಗಾಳಿ ಬರಲು ದಾರಿ ಕಿರಿದು, ಹಾಗಾಗಿ ಇನ್‌ಟೇಕ್ ಮ್ಯಾನಿಫೋಲ್ಡ್‌ನಲ್ಲಿ ಬಲವಾದ ವ್ಯಾಕ್ಯೂಮ್ ಹುಟ್ಟುತ್ತದೆ. ಕಾರ್ಬುರೇಟರಿನ ಮುಖ್ಯ ಜೆಟ್ ಆಗ ಕೆಲಸಕ್ಕಿಲ್ಲ. ಕೂದಲೆಳೆಯಷ್ಟು ಸಣ್ಣ ತೂತಿನ ಸ್ಲೋ ಜೆಟ್ ಒಂದೇ ಪೆಟ್ರೋಲ್ ಕೊಡುತ್ತದೆ. ಇಷ್ಟು ಕಡಿಮೆ ಗಾಳಿ, ಇಷ್ಟು ಕಡಿಮೆ ಪೆಟ್ರೋಲಿನ ಲೆಕ್ಕದಲ್ಲಿ ಒಂದು ಬಿರುಕು ಬಿಟ್ಟ ಪೈಪು ಕೂಡ ಎಲ್ಲವನ್ನೂ ತಲೆಕೆಳಗು ಮಾಡುತ್ತದೆ. ಅದೇ ಬಿರುಕು ಹೈವೇಯಲ್ಲಿ ಎಂಬತ್ತರ ವೇಗದಲ್ಲಿ ಗೊತ್ತೇ ಆಗುವುದಿಲ್ಲ.

ಇನ್ನೊಂದು ಮಾತು. 796 ಸಿಸಿಯ ಈ ಎಂಜಿನ್‌ಗೆ ಮೂರೇ ಸಿಲಿಂಡರು. ನಿಮಿಷಕ್ಕೆ 900 ಸುತ್ತು ತಿರುಗುವಾಗ ಪ್ರತಿ ಸಿಲಿಂಡರೂ ಸೆಕೆಂಡಿಗೆ ಏಳೆಂಟು ಸಲ ಉರಿಯುತ್ತದೆ. ಅದರಲ್ಲಿ ಒಂದು ಸತ್ತರೆ ಮೂರನೇ ಒಂದು ಪಾಲು ಶಕ್ತಿಯೇ ಹೋಯಿತು. ನಾಲ್ಕು ಸಿಲಿಂಡರಿನ ಕಾರಿಗಿಂತ ಇದರಲ್ಲಿ ಮಿಸ್ಸಿಂಗ್, ಅಂದರೆ ಸಿಲಿಂಡರು ಉರಿಯದೆ ತಪ್ಪುವುದು, ಜೋರಾಗಿ ತಿಳಿಯುವುದು ಅದಕ್ಕೇ.

ಮೊದಲು ಗಾಡಿಯನ್ನು ಬಯಲಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ನ್ಯೂಟ್ರಲ್‌ನಲ್ಲಿ ಪೂರ್ತಿ ಬಿಸಿಯಾಗುವವರೆಗೆ ಓಡಿಸಿ. ಮುಚ್ಚಿದ ಶೆಡ್ಡಿನಲ್ಲಿ ಇದನ್ನು ಮಾಡಲೇಬೇಡಿ, ಸೈಲೆನ್ಸರಿನ ಕಾರ್ಬನ್ ಮಾನಾಕ್ಸೈಡ್ ಪ್ರಾಣ ತೆಗೆಯುತ್ತದೆ. ಬಿಸಿಯಾದ ಮೇಲೆ ಸೈಲೆನ್ಸರ್ ತುದಿಯ ಹತ್ತಿರ ಅಂಗೈ ಹಿಡಿದು, ಕಿವಿಗೊಟ್ಟು ಕೇಳಿ. ಒಂದೇ ತಾಳದಲ್ಲಿ ಪದೇಪದೇ ಒಂದು ಪೆಟ್ಟು ತಪ್ಪುತ್ತಿದ್ದರೆ ಯಾವುದೋ ಒಂದು ಸಿಲಿಂಡರಿನದೇ ತೊಂದರೆ. ತಾಳವೇ ಇಲ್ಲದೆ ವೇಗ ಏರುತ್ತ ಇಳಿಯುತ್ತ ಇದ್ದರೆ ಗಾಳಿ ಲೀಕ್ ಅಥವಾ ಗಾಳಿ-ಪೆಟ್ರೋಲಿನ ಮಿಕ್ಸ್ಚರ್ ಕಡೆ ನೋಡಬೇಕು. ಸೈಲೆನ್ಸರ್ ಸದ್ದು ಸಮವಾಗಿದ್ದು ಸ್ಟಿಯರಿಂಗ್ ಮಾತ್ರ ನಡುಗುತ್ತಿದ್ದರೆ ಎಂಜಿನ್ ಆರೋಗ್ಯವಾಗಿದೆ, ಅದನ್ನು ಹಿಡಿದ ಮೌಂಟಿಂಗ್ ರಬ್ಬರ್ ಸವೆದಿದೆ. ಅದಕ್ಕಾಗಿ ಕಾರ್ಬುರೇಟರ್ ಬಿಚ್ಚಿಸಿಕೊಂಡವರು ಬೇಕಾದಷ್ಟು ಜನ ಇದ್ದಾರೆ.

ಸತ್ತ ಸಿಲಿಂಡರ್ ಹುಡುಕುವುದು ಸುಲಭ. ಕಾರ್ಬುರೇಟರ್ ಕಾರಿನಲ್ಲಿ, ಎಂಜಿನ್ ಓಡುತ್ತಿರುವಾಗಲೇ, ರಬ್ಬರ್ ಹಿಡಿಯ ಇಕ್ಕಳದಿಂದ ಪ್ಲಗ್ ಕ್ಯಾಪ್‌ಗಳನ್ನು ಒಂದೊಂದಾಗಿ ಎತ್ತಿ ಮತ್ತೆ ಕೂರಿಸಿ. ಅಲ್ಲಿ ಹರಿಯುವುದು ಸಾವಿರಾರು ವೋಲ್ಟ್, ಬರಿಗೈ ಬೇಡ. ಕ್ಯಾಪ್ ಎತ್ತಿದಾಗ ಎಂಜಿನ್ ಇನ್ನೂ ಕುಸಿದರೆ ಆ ಸಿಲಿಂಡರ್ ಕೆಲಸ ಮಾಡುತ್ತಿತ್ತು ಎಂದರ್ಥ. ಎತ್ತಿದರೂ ಏನೂ ಬದಲಾಗದಿದ್ದರೆ ಅದೇ ಅಪರಾಧಿ. ಈಗ ಎಂಜಿನ್ ಆಫ್ ಮಾಡಿ ಅದರ ಪ್ಲಗ್ಗನ್ನು ಪಕ್ಕದ ಸಿಲಿಂಡರಿನದರೊಂದಿಗೆ ಅದಲುಬದಲು ಮಾಡಿ. ತೊಂದರೆಯೂ ಪ್ಲಗ್ ಜೊತೆ ಪಕ್ಕಕ್ಕೆ ಹೋದರೆ ಪ್ಲಗ್ ಬದಲಿಸಿ. ಹೋಗದಿದ್ದರೆ ವೈರನ್ನು ಹೀಗೇ ಅದಲುಬದಲು ಮಾಡಿ ನೋಡಿ. ಹೊಸ ಭಾಗಕ್ಕೆ ದುಡ್ಡು ಹಾಕುವ ಮುನ್ನ ಇಷ್ಟು ಮಾಡುವುದು ನ್ಯಾಯ.

ಬಿಚ್ಚಿದ ಪ್ಲಗ್ಗಿನ ತುದಿಯನ್ನು ಬೆಳಕಿಗೆ ಹಿಡಿದು ನೋಡಿ. ಕಾಫಿಪುಡಿ ಬಣ್ಣ ಇದ್ದರೆ ಉರಿ ಸರಿಯಾಗಿದೆ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚು. ಬಿಳಿಚಿಕೊಂಡಿದ್ದರೆ ಗಾಳಿ ಹೆಚ್ಚು. ಜಿಡ್ಡಾಗಿದ್ದರೆ ಆಯಿಲ್ ಮೇಲೆ ಬರುತ್ತಿದೆ, ಅದು ರಿಂಗ್ ಅಥವಾ ವಾಲ್ವ್ ಸೀಲಿನ ಕಥೆ. ಕಿಡಿಯ ಸಂದು ಕೈಪಿಡಿಯ ಅಳತೆಗೆ ಇದೆಯೇ ಎಂದು ಫೀಲರ್ ಗೇಜಿನಿಂದ ನೋಡಿ. ಪಾಯಿಂಟ್ ಇರುವ ಡಿಸ್ಟ್ರಿಬ್ಯೂಟರ್ ಆದರೆ ಅದರ ಸಂದನ್ನೂ ಸವೆತವನ್ನೂ ನೋಡಬೇಕು. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಡಿಸ್ಟ್ರಿಬ್ಯೂಟರ್ ಕ್ಯಾಪ್ ಒಳಗೆ ತೇವ ಕೂರುತ್ತದೆ. ಬಿಚ್ಚಿ ಒಣಬಟ್ಟೆಯಲ್ಲಿ ಒರೆಸಿ, ಕಪ್ಪು ಗೆರೆಯಂತಹ ಬಿರುಕು ಇದೆಯೇ ಎಂದು ಹುಡುಕಿ. ರಾತ್ರಿ ಕತ್ತಲಲ್ಲಿ ಬಾನೆಟ್ ಎತ್ತಿ, ವೈರ್‌ಗಳ ಮೇಲೆ ಸ್ವಲ್ಪ ನೀರು ಸಿಂಪಡಿಸಿದರೆ ಲೀಕ್ ಆಗುವ ಕಿಡಿ ನೀಲಿಯಾಗಿ ಕಾಣಿಸುತ್ತದೆ.

ಕಿಡಿ ಸರಿಯಿದ್ದರೆ ಗಾಳಿ ಲೀಕ್ ಹುಡುಕಿ. ಹಳೆಯ ಕಾರಿನಲ್ಲಿ ನನಗೆ ಅತಿ ಹೆಚ್ಚು ಅನುಮಾನ ಇದರ ಮೇಲೆಯೇ. ವರ್ಷಗಟ್ಟಲೆ ಬಿಸಿ ತಿಂದ ವ್ಯಾಕ್ಯೂಮ್ ಪೈಪ್‌ಗಳು ಕಲ್ಲಾಗಿ, ತುದಿಯಲ್ಲಿ ಸೀಳಿರುತ್ತವೆ. ಒಂದೊಂದೇ ಪೈಪನ್ನು ಇಕ್ಕಳದಿಂದ ಮೆಲ್ಲಗೆ ಅಮುಕಿ. ಯಾವುದನ್ನು ಅಮುಕಿದಾಗ ಐಡ್ಲಿಂಗ್ ಸರಿಹೋಗುತ್ತದೋ ಆ ದಾರಿಯಲ್ಲಿ ಲೀಕ್ ಇದೆ. ಬ್ರೇಕ್ ಬೂಸ್ಟರ್ ಇರುವ ಕಾರಿನಲ್ಲಿ ಪೆಡಲ್ ಒತ್ತಿ ಹಿಡಿದಾಗ ಬುಸ್ ಎಂಬ ಸದ್ದು ನಿಲ್ಲದೆ, ಎಂಜಿನ್ ವೇಗವೂ ಬದಲಾದರೆ ಬೂಸ್ಟರಿನ ಡಯಾಫ್ರಮ್ ಹೋಗಿರಬಹುದು. ಆಗ ಅದು ಬರೀ ಐಡ್ಲಿಂಗ್ ಪ್ರಶ್ನೆಯಲ್ಲ, ಬ್ರೇಕಿನದು, ತಡಮಾಡಬಾರದು. ಕಾರ್ಬುರೇಟರ್ ಕೆಳಗಿನ ಪ್ಯಾಕಿಂಗ್ ಮತ್ತು ದಪ್ಪ ಇನ್ಸುಲೇಟರ್ ಕೂಡ ಬಿರುಕು ಬಿಡುತ್ತವೆ. ನಟ್‌ಗಳನ್ನು ವಿಪರೀತ ಬಿಗಿದು ಕಾರ್ಬುರೇಟರಿನ ತಳವೇ ಸೊಟ್ಟಗಾಗಿರುವುದೂ ಉಂಟು. ಅಲ್ಲಿ ಕಾರ್ಬುರೇಟರ್ ಕ್ಲೀನರ್ ಸಿಂಪಡಿಸಿ ಲೀಕ್ ಹುಡುಕುವ ಪದ್ಧತಿ ಇದೆ. ಬಿಸಿ ಎಕ್ಸಾಸ್ಟ್ ಮೇಲೆ ಬಿದ್ದರೆ ಅದಕ್ಕೆ ಬೆಂಕಿ ಹತ್ತುತ್ತದೆ, ಆದ್ದರಿಂದ ನೀರಿನ ಸ್ಪ್ರೇಯಿಂದಲೇ ಮೊದಲು ಪರೀಕ್ಷಿಸುವುದು ಮೇಲು.

ವ್ಯಾಕ್ಯೂಮ್ ಗೇಜ್ ಇರುವ ಮೆಕ್ಯಾನಿಕ್ ಸಿಕ್ಕರೆ ಅದೃಷ್ಟ. ಮಂಗಳೂರಿನಲ್ಲಿ, ಅಂದರೆ ಸಮುದ್ರಮಟ್ಟದಲ್ಲಿ, ಆರೋಗ್ಯವಂತ ಎಂಜಿನ್ 18ರಿಂದ 20 ಇಂಚು (ಪಾದರಸದ ಅಳತೆ) ತೋರಿಸುತ್ತದೆ. 900 ಮೀಟರಿಗೂ ಎತ್ತರದ ಬೆಂಗಳೂರಿನಲ್ಲಿ ಅದೇ ಎಂಜಿನ್ ಸುಮಾರು 3 ಇಂಚು ಕಡಿಮೆ ತೋರಿಸುವುದು ಸಹಜ, ಅದನ್ನು ದೋಷ ಎಂದುಕೊಳ್ಳಬಾರದು. ಮುಳ್ಳು ಕಡಿಮೆ ಅಂಕಿಯಲ್ಲಿ ಸ್ಥಿರವಾಗಿ ನಿಂತಿದ್ದರೆ ಲೀಕ್ ಇಲ್ಲವೇ ಹಿಂದೆ ಬಿದ್ದ ಇಗ್ನಿಷನ್ ಟೈಮಿಂಗ್. ಲಯಬದ್ಧವಾಗಿ ಥಟ್ಟನೆ ಬಿದ್ದೇಳುತ್ತಿದ್ದರೆ ವಾಲ್ವ್.

ವಾಲ್ವ್ ಎಂದಾಗ ಅದನ್ನು ತೆರೆಯುವ ಟ್ಯಾಪೆಟ್ ಬಗ್ಗೆ ಹೇಳಲೇಬೇಕು. ಟಕಟಕ ಸದ್ದು ಮಾಡುವ ಟ್ಯಾಪೆಟ್‌ಗೆ ಎಲ್ಲರೂ ಹೆದರುತ್ತಾರೆ. ನಿಜವಾಗಿ ಹೆದರಬೇಕಾದ್ದು ಸದ್ದೇ ಮಾಡದ ಬಿಗಿ ಟ್ಯಾಪೆಟ್‌ಗೆ. ಅದು ವಾಲ್ವನ್ನು ಪೂರ್ತಿ ಮುಚ್ಚಲು ಬಿಡದೆ ಕಂಪ್ರೆಷನ್ ಸೋರಿಸುತ್ತದೆ, ಕ್ರಮೇಣ ವಾಲ್ವ್ ಸುಟ್ಟೇಹೋಗುತ್ತದೆ. ಕಂಪ್ರೆಷನ್ ಅಳೆದಾಗ ಮೂರೂ ಸಿಲಿಂಡರ್ ಹತ್ತಿರಹತ್ತಿರ ಇರಬೇಕು. ಒಂದು ತೀರಾ ಕೆಳಗಿದ್ದರೆ ಅದರೊಳಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಅಂಕಿ ಮೇಲೇರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್. ಇಂಥ ಎಂಜಿನ್ನನ್ನು ಯಾವ ಸ್ಕ್ರೂ ಕೂಡ ಸರಿಮಾಡಲಾರದು.

ಇವೆಲ್ಲ ದಾಟಿದ ಮೇಲೆ ಕಾರ್ಬುರೇಟರ್. ಚೋಕ್ ಕೇಬಲ್ ಪೂರ್ತಿ ಹಿಂದೆ ಹೋಗುತ್ತಿದೆಯೇ, ಏರ್ ಫಿಲ್ಟರ್ ಧೂಳು ತುಂಬಿದೆಯೇ ನೋಡಿ. ಸ್ಲೋ ಜೆಟ್‌ಗೆ ಸೊಲೆನಾಯ್ಡ್ ಇದ್ದರೆ ಕೀ ತಿರುಗಿಸಿದಾಗ ಟಿಕ್ ಎನ್ನಬೇಕು. ಜೆಟ್ ಕಟ್ಟಿದ್ದರೆ ಕ್ಲೀನರ್ ಮತ್ತು ಗಾಳಿಯಿಂದ ಊದಿ ತೆಗೆಯಬೇಕೇ ಹೊರತು ತಂತಿ ತೂರಿಸಬಾರದು, ಹಿತ್ತಾಳೆಯ ತೂತು ದೊಡ್ಡದಾದರೆ ಮತ್ತೆ ಚಿಕ್ಕದಾಗುವುದಿಲ್ಲ. ಆಮೇಲೆ ಬಿಸಿ ಎಂಜಿನ್‌ನಲ್ಲಿ ಮಿಕ್ಸ್ಚರ್ ಸ್ಕ್ರೂವನ್ನು ನಿಧಾನ ತಿರುಗಿಸುತ್ತ, ವೇಗ ಅತಿ ಹೆಚ್ಚಾಗುವ ಜಾಗ ಹುಡುಕಿ, ಸ್ಲೋ ಸ್ಕ್ರೂವಿನಿಂದ ವೇಗ ಇಳಿಸಿ ನಿಲ್ಲಿಸಿ.

ಈ ಹೊಂದಾಣಿಕೆ ಸರಿಯಾಗಿದೆ ಎಂಬುದರ ಸಾಕ್ಷಿಗೆ ಎಮಿಷನ್ ಟೆಸ್ಟ್ ಚೀಟಿ ಇದೆ. ಅದನ್ನು ಪೊಲೀಸರಿಗೆ ತೋರಿಸಲು ಮಾತ್ರ ಇಟ್ಟುಕೊಳ್ಳುವವರೇ ಹೆಚ್ಚು, ಅದರಲ್ಲಿನ ಎರಡು ಅಂಕಿಗಳನ್ನು ಓದುವುದು ಕಲಿಯಬೇಕು. ಸಿಒ (ಕಾರ್ಬನ್ ಮಾನಾಕ್ಸೈಡ್) ಹೆಚ್ಚಿದ್ದರೆ ಪೆಟ್ರೋಲ್ ಹೆಚ್ಚಾಗಿದೆ. ಸಿಒ ಕಡಿಮೆಯಿದ್ದು ಎಚ್‌ಸಿ (ಹೈಡ್ರೋಕಾರ್ಬನ್) ವಿಪರೀತ ಇದ್ದರೆ ಪೆಟ್ರೋಲ್ ಉರಿಯದೇ ಹೊರಬರುತ್ತಿದೆ, ಅಂದರೆ ಮಿಸ್ಸಿಂಗ್ ಅಥವಾ ಗಾಳಿ ಲೀಕ್ ಇನ್ನೂ ಉಳಿದಿದೆ.

ಐಡ್ಲಿಂಗ್ ಕೆಡಲು ಈಚೆಗೆ ಇನ್ನೊಂದು ಕಾರಣ ಸೇರಿದೆ. ಬಂಕ್‌ಗಳಲ್ಲಿ ಈಗ ಸಿಗುವುದು ಶೇ. 20 ಎಥನಾಲ್ ಬೆರೆತ ಪೆಟ್ರೋಲ್. ಒಂದು ಗ್ರಾಂ ಶುದ್ಧ ಪೆಟ್ರೋಲ್ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕಾದರೆ ಈ ಮಿಶ್ರಣಕ್ಕೆ ಸುಮಾರು 13.5 ಗ್ರಾಂ ಸಾಕು. ಹಳೆಯ ಜೆಟ್‌ನ ಅಳತೆಯಲ್ಲಿ ಅದು ಗಾಳಿ ಹೆಚ್ಚಾದ ಮಿಕ್ಸ್ಚರ್ ಆಗುತ್ತದೆ, ಸ್ಲೋದಲ್ಲಿ ತಡವರಿಸುತ್ತದೆ. ಮಿಕ್ಸ್ಚರ್ ಸ್ಕ್ರೂವನ್ನು ಸ್ವಲ್ಪ ಬಿಚ್ಚಿ ಇದನ್ನು ಸರಿದೂಗಿಸಬಹುದು. ಎಥನಾಲ್ ಹಳೆಯ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುವುದರಿಂದ ಪೆಟ್ರೋಲ್ ಪೈಪ್‌ಗಳನ್ನು ಎಥನಾಲ್ ತಡೆಯುವ ಬಗೆಯವಕ್ಕೆ ಬದಲಿಸಿಬಿಡಿ. ಎಥನಾಲ್ ನೀರನ್ನೂ ಹೀರಿಕೊಳ್ಳುತ್ತದೆ, ತಿಂಗಳುಗಟ್ಟಲೆ ನಿಲ್ಲಿಸಿಡುವ ಕಾರಾದರೆ ಟ್ಯಾಂಕಿನಲ್ಲಿ ಹಳೆಯ ಪೆಟ್ರೋಲ್ ಬಿಡಬೇಡಿ.

2000ದ ಸುಮಾರಿಗೆ ಬಂದ, ಕಾರ್ಬುರೇಟರ್ ಬದಲು ಇಂಜೆಕ್ಟರ್ ಇರುವ ಎಂಪಿಎಫ್‌ಐ ಕಾರುಗಳಲ್ಲಿ ಮಿಕ್ಸ್ಚರನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಅಲ್ಲಿ ಪ್ಲಗ್ ಕ್ಯಾಪ್ ಎತ್ತಿ ಪರೀಕ್ಷಿಸಬೇಡಿ, ಕಾಯಿಲ್ ಹಾಳಾಗಬಹುದು. ಬದಲಿಗೆ ಇಂಜೆಕ್ಟರಿನ ಕನೆಕ್ಟರುಗಳನ್ನು ಒಂದೊಂದಾಗಿ ಬಿಚ್ಚಿ ನೋಡಿ. ಅವುಗಳ ಐಡ್ಲಿಂಗ್ ಕೆಡಲು ಬಹುಪಾಲು ಕಾರಣ ಥ್ರಾಟಲ್ ಬಾಡಿಯಲ್ಲೂ ಐಡಲ್ ವಾಲ್ವ್‌ನಲ್ಲೂ ಕಟ್ಟಿದ ಕಪ್ಪು ಜಿಡ್ಡು. ಅದನ್ನು ಥ್ರಾಟಲ್ ಬಾಡಿ ಕ್ಲೀನರಿನಿಂದ ತೊಳೆದು ಕೂರಿಸಿದ ಮೇಲೆ ಮೊದಲ ಕೆಲವು ನಿಮಿಷ ವೇಗ ಏರಿಳಿಯುವುದುಂಟು. ಎಸಿ, ಲೈಟು ಆಫ್ ಮಾಡಿ, ಆಕ್ಸಿಲರೇಟರ್ ಮುಟ್ಟದೆ, ಫ್ಯಾನ್ ಒಂದೆರಡು ಸಲ ತಿರುಗಿ ನಿಲ್ಲುವವರೆಗೆ ಓಡಲು ಬಿಟ್ಟರೆ ಕಂಪ್ಯೂಟರ್ ಹೊಸ ಅಳತೆಯನ್ನು ಕಲಿತುಕೊಳ್ಳುತ್ತದೆ.