ಮಿಷನ್ ಆಸ್ಪತ್ರೆಯ ಲೆಡ್ಜರ್, ನರಸಮ್ಮನ ನೆನಪು

ಮುಂದೆ ಕೂತ ಇಬ್ಬರೂ ಗುರುತಿಲ್ಲದವರು. ಅವರೆದುರು ಐದು ನಿಮಿಷ ಭಾಷಣ ಮಾಡಬೇಕು, ಇನ್ನೈದು ನಿಮಿಷ ಬಾಯಿಲೆಕ್ಕ ಹೇಳಬೇಕು. ಹದಿಮೂರು ಹದಿನಾಲ್ಕರ ಮಕ್ಕಳ ಎದೆ ಡವಗುಟ್ಟಲು ಇಷ್ಟು ಸಾಕು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ಜಿ.ವಿ. ಕೃಷ್ಣವೇಣಿ ಮತ್ತು ಸಂಗಡಿಗರು 213 ಮಕ್ಕಳನ್ನು ಬೇಕೆಂದೇ ಹೀಗೆ ಪೇಚಿಗೆ ಸಿಕ್ಕಿಸಿ, ಅವರ ರಕ್ತದೊತ್ತಡವನ್ನೂ ಹೃದಯದ ದುಡಿಮೆಯನ್ನೂ ಅಳೆದರು. ಫಲಿತಾಂಶ ಪ್ರಕಟವಾದದ್ದು 2015ರಲ್ಲಿ.

ಈ ಪರೀಕ್ಷೆಯ ಹಿಂದಿನ ಕಥೆ ಹೆರಿಗೆ ವಾರ್ಡಿನದು. ಮೈಸೂರಿಗರು ಮಿಷನ್ ಆಸ್ಪತ್ರೆ ಎಂದೇ ಕರೆಯುವ ಈ ಆಸ್ಪತ್ರೆಯಲ್ಲಿ 1934ರಿಂದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಲೆಡ್ಜರಿನಲ್ಲಿ ಬರೆದಿಡುತ್ತಿದ್ದರು. ಬರೆದವರಿಗೆ ಇದು ಮುಂದೆ ಯಾತಕ್ಕೆ ಒದಗೀತೆಂಬ ಕಲ್ಪನೆಯೂ ಇದ್ದಿರಲಾರದು. ಇಂಗ್ಲೆಂಡಿನ ಡೇವಿಡ್ ಬಾರ್ಕರ್ ಅಂಥದೇ ಹಳೆಯ ದಾಖಲೆಗಳನ್ನು ಜಾಲಾಡಿ, ಕಡಿಮೆ ತೂಕದಲ್ಲಿ ಹುಟ್ಟಿದವರಿಗೆ ಹೃದ್ರೋಗ ಹೆಚ್ಚು ಎಂದಿದ್ದರು. ಅವರ ತಂಡದ ಕರೋಲಿನ್ ಫಾಲ್ ಮೊದಲಾದವರು ಮೈಸೂರಿನ ಲೆಡ್ಜರ್ ಹಿಡಿದು, 1934ರಿಂದ 1954ರೊಳಗೆ ಅಲ್ಲಿ ಹುಟ್ಟಿದ 517 ಮಂದಿಯನ್ನು ಪತ್ತೆಹಚ್ಚಿದರು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ಶೇ 11 ಮಂದಿಗೆ ಹೃದ್ರೋಗವಿತ್ತು. ಮೂರು ಕಿಲೋ ದಾಟಿದ್ದವರಲ್ಲಿ ಶೇ 3. 'ಲ್ಯಾನ್ಸೆಟ್' ಪತ್ರಿಕೆ ಇದನ್ನು 1996ರಲ್ಲಿ ಅಚ್ಚುಹಾಕಿತು.

ಆಮೇಲೆ ಅದೇ ಆಸ್ಪತ್ರೆಯಲ್ಲಿ 1997–98ರಲ್ಲಿ ಬಸುರಿಯರ ಸಕ್ಕರೆ ಅಂಶ ಪರೀಕ್ಷಿಸಿ, ಹುಟ್ಟಿದ ಮಕ್ಕಳ ಬೆನ್ನುಹತ್ತಿದರು. ಭಾಷಣಕ್ಕೆ ನಿಂತವರು ಅವರೇ. ಬಸಿರಿನಲ್ಲಿ ತಾಯಿಗೆ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿದ್ದ ಮಕ್ಕಳ ರಕ್ತದೊತ್ತಡ ಉಳಿದವರಿಗಿಂತ ಹೆಚ್ಚು ಏರಿತು. ಅಪ್ಪನಿಗೆ ಸಕ್ಕರೆ ಕಾಯಿಲೆ ಇದ್ದ ಮಕ್ಕಳಲ್ಲಿ ಹಾಗಾಗಲಿಲ್ಲ. ಎಲ್ಲವೂ ರಕ್ತದಲ್ಲಿ ಬಂದ ಬಳುವಳಿಯಾಗಿದ್ದರೆ ಅಪ್ಪನ ಕಡೆಯಿಂದಲೂ ಕಾಣಬೇಕಿತ್ತಲ್ಲ! ಮೊದಲ ಗುಂಪಿನಲ್ಲಿದ್ದವರು ಬರೀ 26 ಮಕ್ಕಳು ಎಂಬುದನ್ನೂ ಮರೆಯುವಂತಿಲ್ಲ.

ಹಾಗೆಂದು ವಂಶವಾಹಿಗಳನ್ನು ಪಕ್ಕಕ್ಕೆ ತಳ್ಳಲಾಗದು. ಆದರೆ ಅವುಗಳ ಹೆಸರಿನಲ್ಲಿ ಆದ ಗಲಾಟೆ ಕಡಿಮೆಯದಲ್ಲ. ನ್ಯೂಜಿಲೆಂಡಿನ 847 ಮಂದಿಯನ್ನು ಅಭ್ಯಸಿಸಿದ ಕ್ಯಾಸ್ಪಿ ಮತ್ತು ಮಾಫಿಟ್, ಮೆದುಳಿನ ಸೆರೊಟೋನಿನ್ ಎಂಬ ರಾಸಾಯನಿಕಕ್ಕೆ ಸಂಬಂಧಿಸಿದ ಒಂದು ಜೀನ್ ಗಿಡ್ಡ ರೂಪದಲ್ಲಿದ್ದರೆ ಬದುಕಿನ ಪೆಟ್ಟಿಗೆ ಮನಸ್ಸು ಬೇಗ ಕುಸಿಯುತ್ತದೆ ಎಂದು 2003ರಲ್ಲಿ ಹೇಳಿದರು. ಲೋಕವೆಲ್ಲ ನಂಬಿತು. 2009ರಲ್ಲಿ 14 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಪೆಟ್ಟಿನ ಪ್ರಭಾವ ಉಳಿಯಿತು, ಆ ಜೀನಿನದು ಉಳಿಯಲಿಲ್ಲ. ಒತ್ತಡದ ಜೀನ್ ಸಿಕ್ಕಿತೆಂದು ಯಾರಾದರೂ ಹೇಳಿದರೆ ಈಗಲೂ ಅನುಮಾನಿಸುವುದೇ ಲೇಸು. ಚೂರುಪಾರು ಪ್ರಭಾವದ ನೂರಾರು ಜೀನ್‌ಗಳು ಕೂಡಿ ಮಾಡುವ ಕೆಲಸವದು.

ಮಾಂಟ್ರಿಯಲ್‌ನ ಮೈಕೆಲ್ ಮೀನಿ ತಂಡದ ಇಲಿಗಳು ಹೇಳಿದ್ದು ಹೆಚ್ಚು ಗಟ್ಟಿ. ಹೆದರಿಕೆಯಾದಾಗ ಮೆದುಳಿನ ಆಜ್ಞೆಯಂತೆ ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿ ಕಾರ್ಟಿಸೋಲ್ ಸುರಿಸುತ್ತದೆ. ಇಲಿಗಳಲ್ಲಿ ಅದರದೇ ಸೋದರ ಹಾರ್ಮೋನು. ಸಾಕೆನಿಸಿದಾಗ ಅದನ್ನು ನಿಲ್ಲಿಸುವ ಗ್ರಾಹಕಗಳು ಮೆದುಳಿನಲ್ಲೇ ಇವೆ, ಟ್ಯಾಂಕ್ ತುಂಬಿದೊಡನೆ ಮೋಟಾರ್ ನಿಲ್ಲಿಸುವ ಫ್ಲೋಟ್‌ನ ಹಾಗೆ. ತಾಯಿ ಹೆಚ್ಚು ನೆಕ್ಕಿ ಸಾಕಿದ ಮರಿಗಳಲ್ಲಿ ಈ ಗ್ರಾಹಕಗಳು ಹೆಚ್ಚು. ನೆಕ್ಕದ ತಾಯಿಯ ಮರಿಯನ್ನು ನೆಕ್ಕುವ ತಾಯಿಯ ಮಡಿಲಿಗೆ ಹಾಕಿದರೆ ಅದೂ ಸಾಕುತಾಯಿಯ ಮರಿಗಳಂತೆಯೇ ಬೆಳೆಯಿತು. ಜೀನ್ ಬದಲಾಗಿರಲಿಲ್ಲ, ಅದರ ಮೇಲಿನ ರಾಸಾಯನಿಕ ಗುರುತು ಬದಲಾಗಿತ್ತು. ಇದು 2004ರ ಮಾತು.

ಇಷ್ಟು ಓದಿದ ತುಮಕೂರು ಜಿಲ್ಲೆಯ ಪಾವಗಡದ ಕಡೆಯವರಿಗೆ, ಇಂಥ ಲೆಡ್ಜರ್ ನಮ್ಮಲ್ಲಿಲ್ಲವಲ್ಲ ಎಂದು ಹೊಟ್ಟೆ ಉರಿಯದಿರದು. ಬರ, ಫ್ಲೋರೈಡ್ ನೀರು, ಕೈಕೊಡುವ ಶೇಂಗಾ, ಬೆಂಗಳೂರಿಗೆ ಗುಳೆ: ಬಸಿರು ಮತ್ತು ಒತ್ತಡದ ನಂಟನ್ನು ಅರಿಯಲು ಇದಕ್ಕಿಂತ ಬೇರೆ ನೆಲ ಬೇಕೆ? ಅದೇ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಅಜ್ಜಿಯಿಂದ ವಿದ್ಯೆ ಕಲಿತು, ಇಪ್ಪತ್ತರ ಹರೆಯದಲ್ಲಿ ಮೊದಲ ಹೆರಿಗೆಗೆ ಕೈಹಾಕಿದವರು. ಮಾಡಿಸಿದ ಹೆರಿಗೆ 15,000ಕ್ಕೂ ಹೆಚ್ಚು ಎನ್ನುತ್ತಾರೆ. ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು, 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ರಂದು, 98ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರಿಗೆ ಓದುಬರಹ ಬರುತ್ತಿರಲಿಲ್ಲ. ಬರದ ವರ್ಷ ಬಸುರಿ ಏನು ಉಂಡಳು, ಕೂಸು ಎಷ್ಟು ಸಣ್ಣದಿತ್ತು ಎಂಬ ಲೆಕ್ಕವೇನಿದ್ದರೂ ಆಕೆಯ ತಲೆಯಲ್ಲಿತ್ತು. ತಪ್ಪು ಆಕೆಯದಲ್ಲ. ಸನ್ಮಾನಕ್ಕೆ ಶಾಲು ಹಿಡಿದು ಬಂದವರಿಗಿಂತ ಮೊದಲು, ನೋಟ್‌ಬುಕ್ ಹಿಡಿದ ಒಬ್ಬರು ಬಂದು ಆಕೆಯ ಪಕ್ಕ ಕೂರಬೇಕಿತ್ತು. ಈಗ ಅದೇ ತಾಲ್ಲೂಕಿನ ತಿರುಮಣಿ ಸುತ್ತಿನ 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೌರ ಪಾರ್ಕಿದೆ. ಬಿಸಿಲಿನ ಲೆಕ್ಕ ಮೀಟರಿನಲ್ಲಿ ಯೂನಿಟ್ ತಪ್ಪದೆ ಸಿಗುತ್ತದೆ.

ಇಂದಿನ ಬಸುರಿಯರ ಕೈಯಲ್ಲಿ ತಾಯಿ ಕಾರ್ಡ್ ಇದೆ. ತಾಯಿಯ ತೂಕ, ರಕ್ತದೊತ್ತಡ, ಕೂಸಿನ ತೂಕ ಎಲ್ಲವೂ ಅದರಲ್ಲಿರುತ್ತದೆ. ಪಾವಗಡ, ಮಧುಗಿರಿ, ಶಿರಾ, ಕೊರಟಗೆರೆಯ ಮನೆಯವರು ಅದನ್ನು ರೇಷನ್ ಕಾರ್ಡಿನಷ್ಟೇ ಜೋಪಾನವಾಗಿಡಲಿ. ಪ್ರಾಥಮಿಕ ಆರೋಗ್ಯ ಕೇಂದ್ರಗಳು ಹಳೆಯ ಹೆರಿಗೆ ರಿಜಿಸ್ಟರುಗಳನ್ನು ರದ್ದಿಗೆ ಹಾಕುವ ಮುನ್ನ ಸ್ಕ್ಯಾನ್ ಮಾಡಿಸಿಡಲಿ.